ಎರಡು ಬ್ರೇಕಿನ ಕಾರು

ಹಾಸನದ ಪೆನ್ಷನ್ ಮೊಹಲ್ಲಾ, ಪುಷ್ಯದ ಚಳಿ,
ತಗಡಿನ ಶೆಡ್ಡಿನೊಳಗೆ ಕೆಂಪು ಮಾರುತಿ.
ತೊಂಬತ್ತೊಂಬತ್ತರ ಮಾಡೆಲ್ಲು, ಕೆಎ ಹದಿಮೂರು.
ಬಾನೆಟ್ಟಿನ ಮೇಲೊಂದು ಬೆಕ್ಕು
ತಾನೇ ಓನರು ಎಂಬಂತೆ ಮಲಗಿತ್ತು.

ನಾನು ತಯಾರಾಗಿಯೇ ಬಂದಿದ್ದೆ.
ಹದಿನೇಳು ವರ್ಷ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ
ಅಂಗಡಿ ಅಂಗಡಿ ಹತ್ತಿಳಿದು ಪಿಗ್ಮಿ ಕಟ್ಟಿಸಿಕೊಂಡವಳು,
ನಾಳೆ ಬನ್ನಿ ಅನ್ನುವವನ ಗಲ್ಲಾದಲ್ಲಿ ಎಷ್ಟಿದೆಯೆಂದು
ಅವನ ರೆಪ್ಪೆ ನೋಡಿ ಹೇಳಬಲ್ಲೆ.
ಜೊತೆಗೆ ಮೆಕ್ಯಾನಿಕ್ ಧರಣೇಂದ್ರ,
ಅವನ ಜೇಬಿನಲ್ಲಿ ಒಡೆದ ಸ್ಪೀಕರಿನ ಅಯಸ್ಕಾಂತ.
ಪುಟ್ಟಿ ಮೆತ್ತಿದ ಕಡೆ ಅದು ಅಂಟುವುದಿಲ್ಲವಂತೆ.
ಬಾಯಲ್ಲಿ ನಾಲ್ಕು ಕೊಂಕು, ಬ್ಯಾಗಿನಲ್ಲಿ ಐವತ್ತೈದು ಸಾವಿರ.
ಅವರು ಹೇಳಿದ್ದು ಅರವತ್ತೆರಡು.

ಖುದ್ದೂಸ್ ಸಾಬರು ಚಹಾ ತರಿಸಿದರು,
ಬೆಕ್ಕನ್ನೆತ್ತಿ ಕೆಳಗಿಟ್ಟರು.
ಧರಣೇಂದ್ರ ಜೇಬಿಗೆ ಕೈ ಹಾಕುವ ಮೊದಲೇ
"ಎಡಗಡೆ ಬಾಗಿಲು ಪೂರಾ ಪುಟ್ಟಿ ಕಣಪ್ಪ,
ಸಾಲಗಾಮೆ ರಸ್ತೆಯಲ್ಲಿ ಒಬ್ಬರು ಮೇಷ್ಟ್ರು
ರಿವರ್ಸ್ ಕಲಿಯುವಾಗ ಕಂಬಕ್ಕೆ ಕೊಟ್ಟರು.
ಎಂಜಿನ್ನು ಎರಡು ಸಲ ಬಿಚ್ಚಿದೆ.
ಮೀಟರಿನ ಕಿಲೋಮೀಟರು ಸುಳ್ಳು,
ನಾನು ತಿರುಗಿಸಿದ್ದಲ್ಲ, ಅದಾಗೇ ನಿಂತಿದ್ದು,
ನಿಂತ ಮೇಲೂ ಐದು ವರ್ಷ ಓಡಿದೆ.
ಮಳೆ ಬಂದರೆ ನಿಮ್ಮ ಬಲಗಾಲು ನೆನೆಯುತ್ತೆ, ಅಮ್ಮಾ.
ಸೆಕೆಂಡ್ ಗೇರು ಚಳಿಗೆ ಮುನಿಸಿಕೊಳ್ಳುತ್ತೆ.
ಬಯ್ಯಬೇಡಿ. ನ್ಯೂಟ್ರಲ್ಲಿಗೆ ಬಂದು ಇನ್ನೊಂದು ಸಲ ಕೇಳಿ."

ನಾನು ತಂದ ಕೊಂಕೆಲ್ಲ
ಅವರ ಬಾಯಲ್ಲೇ ಖರ್ಚಾಗಿಹೋಯಿತು.
ಮಾರುವವನೇ ಕುಂದು ಹೇಳಿ ಮುಗಿಸಿದರೆ
ಕೊಳ್ಳುವವಳು ಚೌಕಾಸಿಗೆ ಎಲ್ಲಿ ಕಾಲೂರಬೇಕು?
ಧರಣೇಂದ್ರ ಅಯಸ್ಕಾಂತವನ್ನು ಸುಮ್ಮನೆ
ಬಾನೆಟ್ಟಿಗೆ ಅಂಟಿಸಿದ, ಕಿತ್ತ, ಮತ್ತೆ ಅಂಟಿಸಿದ.

ಬಲಬಾಗಿಲ ಸ್ಟಿಕ್ಕರು ಕಿತ್ತಿದ್ದರು.
ಬಿಸಿಲು ತಾಗದಲ್ಲಿ ಬಣ್ಣ ಇನ್ನೂ ಹೊಸದು,
ನ್ಯೂ ಸ್ಟಾರ್ ಡ್ರೈವಿಂಗ್ ಸ್ಕೂಲ್ ಎಂದು
ಕೆಂಪಿನ ಮೇಲೆ ಇನ್ನಷ್ಟು ಕೆಂಪಾಗಿ ಓದಬಹುದಿತ್ತು.

ಆಮೇಲೆ ಕಂಡೆ: ಎಡಸೀಟಿನ ಕಾಲಡಿಯಲ್ಲಿ
ಇನ್ನೊಂದು ಬ್ರೇಕು.
ರಬ್ಬರು ಸವೆದು, ಕಾಲಿನ ಹೆಬ್ಬೆರಳಿನಷ್ಟು ಗುಳಿ.
"ಕಲಿಯೋರಿಗೆ ಗೊತ್ತಾಗದ ಹಾಗೆ ಒತ್ತಬೇಕು," ಅಂದರು,
"ಗೊತ್ತಾದರೆ ಧೈರ್ಯ ಹೋಗಿಬಿಡುತ್ತೆ.
ಒಂದೇ ಬೋಲ್ಟು, ಈಗಲೇ ಬಿಚ್ಚಿಕೊಡ್ತೀನಿ."
ಸ್ಪ್ಯಾನರು ಹಿಡಿದು ಬಗ್ಗಹೋದವರು
ಮಂಡಿ ಹಿಡಿದುಕೊಂಡು ಅರ್ಧಕ್ಕೇ ನಿಂತರು.
ಇರಲಿ ಬಿಡಿ, ಅಂದೆ.
ಆ ಮಂಡಿಗೆ ಮರುಗಿ ಅಂದೆನೋ,
ಲೈಸೆನ್ಸು ಬಂದು ಮೂರೇ ತಿಂಗಳಾದ ಪುಕ್ಕಲಿಗೋ.

ಐವತ್ತೈದು ಎಣಿಸಿದೆ.
ನೋಟಿನ ಮೇಲೆ ನನ್ನ ಬೆರಳು ಓಡುವುದನ್ನು ನೋಡಿ
"ಬ್ಯಾಂಕಿನವರಾ?"
"ಪಿಗ್ಮಿ."
ನಕ್ಕರು. ಒಳಗೆ ಹೋಗಿ
ಸ್ಕೂಲಿನ ಹಳೇ ಹಾಜರಿ ಕಾರ್ಡು ತಂದರು,
ಮೂವತ್ತು ಚೌಕ, ಕ್ಲಾಸು ಒಂದು, ಕ್ಲಾಸು ಎರಡು...
"ಏಳು ಸಾವಿರ ಬಾಕಿ. ದಿನಕ್ಕೆ ನೂರು ಕಟ್ಟಿ.
ನಡೆದು ಬರಬೇಡಿ, ಕಾರಿನಲ್ಲೇ ಬನ್ನಿ."
ಹದಿನೇಳು ವರ್ಷ ಊರಿಗೆಲ್ಲ ಕಾರ್ಡು ಬರೆದವಳ ಕೈಗೆ
ಮೊದಲ ಸಲ ಒಂದು ಕಾರ್ಡು ಬಂತು,
ಹೆಸರಿನ ಜಾಗದಲ್ಲಿ, ಕಾಗುಣಿತ ತಪ್ಪಿ, ನಾನು.

ಧರಣೇಂದ್ರ ಸ್ಕೂಟರಿನಲ್ಲಿ ಹಿಂದೆ.
ಎನ್.ಆರ್. ಸರ್ಕಲ್ಲಿನಲ್ಲಿ ಬಸ್ಸೊಂದು ಅಡ್ಡ ಬಂತು,
ಒತ್ತಿದೆ.
ಪಕ್ಕದ ಖಾಲಿ ಸೀಟಿನ ಕೆಳಗೆ
ಆ ಇನ್ನೊಂದು ಪೆಡಲೂ ಜೊತೆಗೇ ಕೆಳಗಿಳಿಯಿತು,
ಬಿಟ್ಟಾಗ ಮೆಲ್ಲಗೆ ಮೇಲೆದ್ದಿತು.

ಹಿಂದೆ ಹಾರನ್ನೋ ಹಾರನ್ನು.
ಸೆಕೆಂಡ್ ಗೇರು ಬೀಳಲಿಲ್ಲ.
ನ್ಯೂಟ್ರಲ್ಲಿಗೆ ಬಂದು
ಇನ್ನೊಂದು ಸಲ ಕೇಳಿದೆ.